‘ಆಗಿದ್ದರೆ’ ಎಂಬ ಮಾತಿನ ಚರಿತ್ರೆ

ಕನ್ನಡದಲ್ಲಿ ‘ರೆ’ ಎಂಬ ಒಂದು ಪುಟ್ಟ ಪ್ರತ್ಯಯವಿದೆ. ಹಳಗನ್ನಡದ ‘ಬಂದೊಡೆ’ ನಡುಗನ್ನಡದಲ್ಲಿ ‘ಬಂದಡೆ’ಯಾಗಿ, ನಮ್ಮ ಕಾಲಕ್ಕೆ ‘ಬಂದರೆ’ ಎಂದು ಸವೆದು ನಿಂತಿದೆ. ‘ಮಳೆ ಬಂದರೆ ಬಿತ್ತುತ್ತೇನೆ’ ಎನ್ನುವಾಗ ಆಸೆ ಇನ್ನೂ ಉಳಿದಿರುತ್ತದೆ, ಮಳೆ ಬರಲೂಬಹುದು. ನಡುವೆ ‘ಇರು’ ಎಂಬ ಧಾತು ಸೇರಿಕೊಂಡು ‘ಮಳೆ ಬಂದಿದ್ದರೆ ಬಿತ್ತುತ್ತಿದ್ದೆ’ ಎಂದಾದೊಡನೆ ಆ ಆಸೆ ಹೋಗುತ್ತದೆ. ಮಳೆಯೂ ಬರಲಿಲ್ಲ, ಬಿತ್ತನೆಯೂ ಆಗಲಿಲ್ಲ ಎಂಬುದು ನಿಶ್ಚಯವಾದ ಮೇಲೆ ಆಡುವ ಮಾತು ಅದು. ಪ್ರಯೋಜನವಿಲ್ಲವೆಂದು ತಿಳಿದೂ ಆಡುತ್ತೇವೆ. ವಯಸ್ಸಾದಂತೆ ಹೆಚ್ಚಾಗಿ ಆಡುತ್ತೇವೆ.

ಈ ಒಂದು ಮಾತಿನ ಮೇಲೆಯೇ ನಿಂತಿರುವ ಕಥಾಸಾಹಿತ್ಯವೊಂದಿದೆ. ಹಿಡಿಯದೆ ಬಿಟ್ಟ ದಾರಿಯಲ್ಲಿ ನಡೆದಿದ್ದರೆ ಏನಾಗುತ್ತಿತ್ತು, ಬಾಳದೆ ಬಿಟ್ಟ ಬಾಳು ಎಲ್ಲಾದರೂ ನಡೆಯುತ್ತಿದೆಯೇ ಎಂದು ಕೇಳುವ ಈ ಕಥೆಗಳನ್ನು ಈಗ ವೈಜ್ಞಾನಿಕ ಕಥೆಯ ಒಂದು ಶಾಖೆಯೆಂದು ಎಣಿಸುತ್ತಾರೆ. ಕನ್ನಡ ಅಧ್ಯಾಪಕನಿಗೆ ಅಲ್ಲಿ ಏನು ಕೆಲಸ ಎಂದು ಕೇಳುವವರಿರಬಹುದು. ನನ್ನನ್ನು ಈ ದಾರಿಗೆ ಹಚ್ಚಿದ್ದು ಕುಮಾರವ್ಯಾಸನ ಪಾಠ. ಹಚ್ಚಿದವಳು ಒಬ್ಬ ವಿದ್ಯಾರ್ಥಿನಿ.

ಉದ್ಯೋಗಪರ್ವದಲ್ಲಿ ಸಂಧಾನ ಮುರಿದ ಮೇಲೆ ಕೃಷ್ಣನು ಕರ್ಣನನ್ನು ಏಕಾಂತಕ್ಕೆ ಕರೆದು ಅವನ ಜನ್ಮರಹಸ್ಯವನ್ನು ತಿಳಿಸುವ ಸಂದರ್ಭವನ್ನು ಬಲ್ಲದ ಕನ್ನಡಿಗರಿಲ್ಲ. ‘ನೀನು ಪಾಂಡವರಲ್ಲಿ ಹಿರಿಯ, ಬಂದರೆ ಸಿಂಹಾಸನ ನಿನ್ನದು’ ಎಂಬುದು ಅಲ್ಲಿಯ ಆಮಿಷ. ಕರ್ಣ ಹೋಗಿದ್ದರೆ? ಈ ಪ್ರಶ್ನೆಯನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಕೇಳುತ್ತಿದ್ದೆ. ಯುದ್ಧವೇ ಆಗುತ್ತಿರಲಿಲ್ಲ ಎಂದು ಕೆಲವರು, ದುರ್ಯೋಧನ ಒಬ್ಬಂಟಿಯಾಗುತ್ತಿದ್ದ ಎಂದು ಕೆಲವರು, ಭಾರತವೇ ಇರುತ್ತಿರಲಿಲ್ಲವಾದ್ದರಿಂದ ಪರೀಕ್ಷೆಯೂ ಇರುತ್ತಿರಲಿಲ್ಲ ಎಂದು ಹಿಂದಿನ ಬೆಂಚಿನವರು ಉತ್ತರ ಕೊಡುತ್ತಿದ್ದರು. ಒಂದು ವರ್ಷ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಆಗ ರಾಧೆಯ ಗತಿ ಏನು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ವ್ಯಾಸಭಾರತವನ್ನು ತೆರೆದು ನೋಡಿದರೆ, ಉತ್ತರವನ್ನು ಕರ್ಣನೇ ಕೊಟ್ಟಿದ್ದ. ಅಧಿರಥನು ತನ್ನನ್ನು ಎತ್ತಿ ತಂದ ದಿನ ವಾತ್ಸಲ್ಯದಿಂದ ರಾಧೆಗೆ ಹಾಲು ಇಳಿಯಿತು, ಅವಳು ತನ್ನ ಮಲಮೂತ್ರವನ್ನು ಬಳಿದಳು, ಸೂತಕುಲದಲ್ಲಿಯೇ ತನಗೆ ಮದುವೆಯಾಗಿ ಮಕ್ಕಳು ಮೊಮ್ಮಕ್ಕಳು ಆಗಿದ್ದಾರೆ ಎಂದು ಅವನು ಕೃಷ್ಣನಿಗೆ ಹೇಳುತ್ತಾನೆ. ಆ ಮಾತುಗಳನ್ನು ನಾನು ಎಷ್ಟೋ ಸಲ ಓದಿದ್ದೆ, ಗಮನಿಸಿರಲಿಲ್ಲ. ದುರ್ಯೋಧನನ ಋಣವನ್ನು ಕುರಿತೇ ಪಾಠ ಹೇಳಿಕೊಂಡು ಬಂದಿದ್ದೆ.

ರಾಧೆಯಂಥವರನ್ನು ಲೆಕ್ಕಕ್ಕೆ ತಂದುಕೊಳ್ಳುವ ಕಥೆ ಯಾವುದು, ಮರೆತುಬಿಡುವ ಕಥೆ ಯಾವುದು ಎಂದು ಅಂದಿನಿಂದ ನೋಡುತ್ತ ಬಂದೆ. ನಮ್ಮಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಯೋಗವಾಸಿಷ್ಠದ ಲವಣರಾಜನ ಉಪಾಖ್ಯಾನ. ಹರಿಶ್ಚಂದ್ರನ ವಂಶದ ಲವಣನ ಸಭೆಗೆ ಒಬ್ಬ ಇಂದ್ರಜಾಲಿಗ ಬಂದು ನವಿಲುಗರಿಯ ಕುಂಚವನ್ನು ಬೀಸುತ್ತಾನೆ. ಅರಸ ಎರಡು ಮುಹೂರ್ತಗಳ ಕಾಲ ಸಿಂಹಾಸನದಲ್ಲಿ ಕಲ್ಲಾಗಿ ಕುಳಿತುಬಿಡುತ್ತಾನೆ. ಆ ಅವಧಿಯಲ್ಲಿ ಅವನು ಕುದುರೆಯೊಂದರ ಬೆನ್ನೇರಿ ಕಾಡು ಸೇರಿದ್ದಾನೆ. ಹಸಿವಿನಿಂದ ಕಂಗೆಟ್ಟು, ಗ್ರಂಥವು ಚಂಡಾಲಕನ್ಯೆಯೆಂದು ಕರೆಯುವ ಹುಡುಗಿಯೊಬ್ಬಳು ಕೊಟ್ಟ ಅನ್ನವನ್ನು ಉಂಡು ಅವಳನ್ನು ಮದುವೆಯಾಗಿದ್ದಾನೆ. ಮಕ್ಕಳನ್ನು ಪಡೆದು ಮುದುಕನಾಗಿದ್ದಾನೆ. ಬರಗಾಲದಲ್ಲಿ ಮಗು ಮಾಂಸ ಬೇಡಿದಾಗ ಕೊಡಲು ಏನೂ ಇಲ್ಲದೆ ತಾನೇ ಬೆಂಕಿಗೆ ಬೀಳಲು ಹೊರಟಿದ್ದಾನೆ. ಅಲ್ಲಿಗೆ ಎಚ್ಚರವಾಗುತ್ತದೆ. ಕಥೆ ಇಷ್ಟಕ್ಕೇ ಮುಗಿದಿದ್ದರೆ ಸಾಮಾನ್ಯ ಸ್ವಪ್ನಕಥೆಯಾಗುತ್ತಿತ್ತು. ಲವಣ ಮರುದಿನ ಸುಮ್ಮನಿರಲಾರದೆ ವಿಂಧ್ಯದ ಕಡೆ ಹೊರಡುತ್ತಾನೆ. ಅಲ್ಲಿ ಅದೇ ಕಾಡು, ಅದೇ ಹಾಳುಬಿದ್ದ ಹಟ್ಟಿ. ಹಟ್ಟಿಯಲ್ಲಿ ಒಬ್ಬ ಮುದುಕಿ ತನ್ನ ಮಗಳನ್ನೂ ಅಳಿಯನನ್ನೂ ಮೊಮ್ಮಕ್ಕಳನ್ನೂ ನೆನೆದು ಅಳುತ್ತಿದ್ದಾಳೆ. ವಸಿಷ್ಠರಿಗೆ ಇದು ಜಗತ್ತಿನ ಮಿಥ್ಯೆಗೆ ದೃಷ್ಟಾಂತ. ವೇದಾಂತದಲ್ಲಿ ಅಷ್ಟು ಗತಿಯಿಲ್ಲದ ನನಗೆ ಕಥೆಯ ಜೀವ ಆ ಮುದುಕಿಯ ಅಳುವಿನಲ್ಲಿ ಇದೆಯೆನಿಸುತ್ತದೆ. ನಡೆಯದ ಬಾಳಿಗೆ ಅವಳೊಬ್ಬಳೇ ಸಾಕ್ಷಿ.

ಪಾಶ್ಚಾತ್ಯರಲ್ಲಿ ಈ ಪ್ರಶ್ನೆ ಹುಟ್ಟಿದ್ದು ಹಟ್ಟಿಯಲ್ಲಿ ಅಲ್ಲ, ದಂಡಿನಲ್ಲಿ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಇತಿಹಾಸಕಾರ ಲಿವಿ, ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ನಡುವೆ ನಿಂತು, ಅಲೆಕ್ಸಾಂಡರ್ ಪಶ್ಚಿಮಕ್ಕೆ ತಿರುಗಿ ರೋಮಿನ ಮೇಲೆ ಬಂದಿದ್ದರೆ ಎಂದು ವಿಚಾರ ಮಾಡುತ್ತಾನೆ. ರೋಮನನಾದ್ದರಿಂದ ರೋಮೇ ಗೆಲ್ಲುತ್ತಿತ್ತು ಎಂದು ತೀರ್ಮಾನಿಸುತ್ತಾನೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇದೇ ಒಂದು ಇಡೀ ಪುಸ್ತಕವಾಗಿ ಬೆಳೆದದ್ದು 1836ರಲ್ಲಿ. ಫ್ರಾನ್ಸಿನ ಲೂಯಿ ಜೆಫ್ರಾಯ್ ಎಂಬವನು, ರಷ್ಯದ ಹಿಮದಲ್ಲಿ ಸೋಲದೆ ಲೋಕವನ್ನೆಲ್ಲ ಗೆದ್ದ ನೆಪೋಲಿಯನ್ನನ ಚರಿತ್ರೆಯನ್ನು ಬರೆದ. ಅದರಲ್ಲಿ ಒಂದು ತಮಾಷೆಯಿದೆ. ನೆಪೋಲಿಯನ್ ವಾಟರ್‌ಲೂನಲ್ಲಿ ಸೋತು ಸೆರೆ ಸೇರಿದನೆಂದು ಸಾರುವ ಯಾವುದೋ ಸುಳ್ಳು ಚರಿತ್ರೆ ಹರಡಿದೆಯೆಂದು ಗ್ರಂಥಕರ್ತ ನಡುವೆ ಸಿಟ್ಟಾಗುತ್ತಾನೆ. ನಾವು ಶಾಲೆಯಲ್ಲಿ ಉರುಹೊಡೆದ ಚರಿತ್ರೆ ಅಲ್ಲಿ ಕಟ್ಟುಕಥೆ! ನಲವತ್ತು ವರ್ಷಗಳ ಮೇಲೆ, 1876ರಲ್ಲಿ, ರೆನೂವಿಯೆ ಎಂಬ ತತ್ತ್ವಜ್ಞ ಇಂಥ ಬರವಣಿಗೆಗೆ ‘ಯೂಕ್ರೋನಿ’ ಎಂದು ಹೆಸರಿಟ್ಟ. ಎಲ್ಲೂ ಇಲ್ಲದ ದೇಶ ‘ಯುಟೋಪಿಯ’ ಆದರೆ ಎಂದೂ ಇಲ್ಲದ ಕಾಲ ‘ಯೂಕ್ರೋನಿ’. ಇವೆಲ್ಲ ಅರಸರ, ಸೇನೆಗಳ, ಮತಗಳ ಮಾತು. ಇಲ್ಲಿ ರಾಧೆಯರಿಗೆ ಜಾಗವಿಲ್ಲ.

‘ಆಗಿದ್ದರೆ’ ಎಂಬುದು ಅರಮನೆಯಿಂದ ಮನೆಗೆ ಇಳಿದು ಬರುವುದಕ್ಕೆ ಒಂದು ಮಹಾಯುದ್ಧ ಬೇಕಾಯಿತೆಂದು ಕಾಣುತ್ತದೆ. ಅದಕ್ಕೆ ಮುಂಚೆಯೇ ಓ. ಹೆನ್ರಿ ಒಂದು ಕಥೆ ಬರೆದಿದ್ದ, ನಿಜ. ಹಳ್ಳಿಯ ಕುರುಬನೊಬ್ಬ ಕವಿಯಾಗಬೇಕೆಂದು ಮನೆ ಬಿಟ್ಟು ಕವಲುದಾರಿಗೆ ಬರುತ್ತಾನೆ. ಎಡಕ್ಕೆ ಹೋದರೊಂದು ಕಥೆ, ಬಲಕ್ಕೆ ಹೋದರೊಂದು, ಮನೆಗೆ ಮರಳಿದರೆ ಮತ್ತೊಂದು. ಮೂರರಲ್ಲಿಯೂ ಸಾಯುತ್ತಾನೆ, ಮೂರು ಸಾವಿನಲ್ಲಿಯೂ ಒಬ್ಬನೇ ಜಮೀನ್ದಾರನ ಪಿಸ್ತೂಲು. ನಮ್ಮವರು ಇದನ್ನು ಹಣೆಬರಹ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಜಾಣತನದ ಕಥೆ, ಆದರೆ ಮೂರು ದಾರಿಯೂ ಒಂದೇ ಕಡೆ ಸೇರುವುದಾದರೆ ಕವಲೆಲ್ಲಿ ಬಂತು?

ನಿಜವಾದ ಕವಲಿನ ಮುಂದೆ ನಿಂತಿದ್ದವನು ಎಡ್ವರ್ಡ್ ಥಾಮಸ್. ರಾಬರ್ಟ್ ಫ್ರಾಸ್ಟನ ಹಿಡಿಯದ ದಾರಿಯ ಕವಿತೆ ನಮ್ಮ ಪಠ್ಯಪುಸ್ತಕಗಳಿಗೆಲ್ಲ ಬಂದಿದೆ. ಅದರ ಹುಟ್ಟಿಗೆ ಕಾರಣನಾದ ಈ ಇಂಗ್ಲಿಷ್ ಕವಿಮಿತ್ರ ಅಷ್ಟಾಗಿ ಬಂದಿಲ್ಲ. 1914ರಲ್ಲಿ ಇಬ್ಬರೂ ಗ್ಲಾಸ್ಟರ್‌ಶೈರಿನ ಹೊಲಗದ್ದೆಗಳಲ್ಲಿ ಒಟ್ಟಿಗೆ ತಿರುಗುತ್ತಿದ್ದರು. ಯಾವ ದಾರಿಯಲ್ಲಿ ಹೋದರೂ, ಆಚೆಯ ದಾರಿಯಲ್ಲಿ ಹೋಗಿದ್ದರೆ ಇನ್ನೂ ಚೆನ್ನಾದುದನ್ನು ತೋರಿಸಬಹುದಾಗಿತ್ತಲ್ಲ ಎಂದು ಥಾಮಸ್ ಕೊರಗುತ್ತಿದ್ದ. ಆ ಸ್ವಭಾವವನ್ನು ಹಾಸ್ಯ ಮಾಡಲೆಂದು ಫ್ರಾಸ್ಟ್ ಬರೆದ ಕವಿತೆ 1915ರಲ್ಲಿ ಅಚ್ಚಾಯಿತು. ಹಾಸ್ಯವನ್ನು ಲೋಕವೆಲ್ಲ ಉಪದೇಶವೆಂದು ತಿಳಿಯಿತು. ಅದೇ ವರ್ಷ ಥಾಮಸನ ಮುಂದೆ ಎರಡು ದಾರಿಗಳಿದ್ದವು: ಅಮೆರಿಕಕ್ಕೆ ಹೋಗಿ ಫ್ರಾಸ್ಟನ ನೆರೆಯಲ್ಲಿ ನೆಲೆಸುವುದು ಒಂದು, ಸೇನೆ ಸೇರುವುದು ಇನ್ನೊಂದು. 37 ವರ್ಷದ, ಮೂರು ಮಕ್ಕಳ ತಂದೆಯನ್ನು ಸೇನೆಗೆ ಬಾ ಎಂದು ಯಾರೂ ಬಲವಂತ ಮಾಡಿರಲಿಲ್ಲ. ಅವನು ಸೇರಿದ. 1917ರ ಏಪ್ರಿಲ್ 9ರಂದು ಫ್ರಾನ್ಸಿನ ಅರಾಸ್‌ನಲ್ಲಿ ಸತ್ತ.

ಆ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ರಂಗಭೂಮಿಗೆ ಬಂದ ನಾಟಕವೇ ಜೆ. ಎಂ. ಬ್ಯಾರಿಯ ‘ಡಿಯರ್ ಬ್ರೂಟಸ್’. ಮನೆಯೊಂದರಲ್ಲಿ ಸೇರಿದ ಅತಿಥಿಗಳು ನಡುಬೇಸಿಗೆಯ ರಾತ್ರಿ ಮಾಯೆಯ ತೋಪಿನೊಳಕ್ಕೆ ಹೋಗುತ್ತಾರೆ. ಅಲ್ಲಿ ಒಬ್ಬೊಬ್ಬರಿಗೂ ಬಾಳಿನಲ್ಲಿ ಎರಡನೆಯ ಅವಕಾಶ ದೊರೆಯುತ್ತದೆ. ಹೆಚ್ಚಿನವರು ಎರಡನೆಯ ಬಾಳಿನಲ್ಲಿಯೂ ಅದೇ ತಪ್ಪನ್ನೇ ಮಾಡುತ್ತಾರೆ; ನಾಟಕದ ನಗೆಯೆಲ್ಲ ಅವರಿಂದಲೇ. ಆದರೆ ಡಿಯರ್ತ್ ಎಂಬ, ಕುಡಿತದಿಂದ ಕೆಟ್ಟ, ಮಕ್ಕಳಿಲ್ಲದ ಚಿತ್ರಕಾರನಿಗೆ ತೋಪಿನಲ್ಲಿ ಮಾರ್ಗರೆಟ್ ಎಂಬ ಮಗಳಿದ್ದಾಳೆ. ತಂದೆ ಚಿತ್ರ ಬರೆಯುತ್ತಿದ್ದಾನೆ, ಮಗಳು ಅವನನ್ನು ಕೀಟಲೆ ಮಾಡುತ್ತಿದ್ದಾಳೆ. ಆ ಇಡೀ ಅಂಕದಲ್ಲಿ ಬೇರೆ ಹೆಚ್ಚಿನದೇನೂ ನಡೆಯುವುದಿಲ್ಲ. ಮನೆಯ ದೀಪ ಕಂಡು ಅವನು ಅತ್ತ ಹೊರಟಾಗ ಅವಳಿಗೆ ಹೇಗೋ ತಿಳಿದುಬಿಡುತ್ತದೆ. ಆಗಬಹುದಾಗಿದ್ದವಳು ಮಾತ್ರ ಆಗಿ ಉಳಿಯಲಾರೆ, ಹಿಂದಿರುಗಿ ಬಾ ಎಂದು ಅವಳು ಕತ್ತಲಲ್ಲಿ ಕೂಗುವುದರೊಂದಿಗೆ ಪರದೆ ಬೀಳುತ್ತದೆ. ಬ್ಯಾರಿ ತಂದೆತಾಯಿಯಿಲ್ಲದ ಐವರು ಹುಡುಗರನ್ನು ಸಾಕಿದ್ದ. ಅವರಲ್ಲಿ ಹಿರಿಯನಾದ ಜಾರ್ಜ್ 1915ರಲ್ಲಿ ಫ್ಲಾಂಡರ್ಸಿನ ರಣರಂಗದಲ್ಲಿ ಸತ್ತಿದ್ದ. ಅಂದು ಆ ನಾಟಕಶಾಲೆಯಲ್ಲಿ ಕುಳಿತಿದ್ದವರಲ್ಲಿ ಮಕ್ಕಳನ್ನು ಕಳೆದುಕೊಂಡವರು ಎಷ್ಟು ಜನರಿದ್ದರೋ!

ಇಲ್ಲಿಂದ ಮುಂದೆ ಕವಲಿನ ಕಥೆಗಳಿಗೆ ರೈಲು ಹಿಡಿಸಿತು. 1921ರಲ್ಲಿ ಲಾರ್ಡ್ ಡನ್‌ಸೇನಿಯ ‘ಇಫ್’ ನಾಟಕದಲ್ಲಿ ಒಬ್ಬ ಗೃಹಸ್ಥ, ಹತ್ತು ವರ್ಷಗಳ ಹಿಂದೆ ತಪ್ಪಿದ ರೈಲನ್ನು ಮಾಯಾಸ್ಫಟಿಕದ ಬಲದಿಂದ ಹಿಂದಿರುಗಿ ಹೋಗಿ ಹಿಡಿಯುತ್ತಾನೆ, ಬಾಳೆಲ್ಲ ತಲೆಕೆಳಗಾಗುತ್ತದೆ. ಪೋಲೆಂಡಿನ ನಿರ್ದೇಶಕ ಕೀಸ್ಲೊವ್‌ಸ್ಕಿ 1981ರಲ್ಲಿ ತೆಗೆದು, ಸರ್ಕಾರದ ತಡೆಯಿಂದಾಗಿ 1987ರಲ್ಲಷ್ಟೆ ತೆರೆಕಂಡ ಚಿತ್ರದಲ್ಲಿಯೂ ಓಡಿಹೋಗಿ ರೈಲು ಹಿಡಿಯುವ ಯುವಕನಿಗೆ ಮೂರು ಬಾಳು. ರೈಲೇ ಏಕೆ? ಎತ್ತಿನ ಗಾಡಿ ಯಾರಿಗೂ ಒಂದು ನಿಮಿಷದಲ್ಲಿ ತಪ್ಪುವುದಿಲ್ಲ. ಅರ್ಧ ನಿಮಿಷಕ್ಕೆ ಬದುಕು ಜಾರಿಹೋಗಬಹುದೆಂಬ ಅನುಭವವನ್ನು ಸಾಮಾನ್ಯ ಮನುಷ್ಯನಿಗೆ ತಂದುಕೊಟ್ಟದ್ದು ರೈಲ್ವೆಯ ಗಡಿಯಾರ.

ಇದುವರೆಗೆ ಬಂದದ್ದೆಲ್ಲ ಮಾಯೆ, ಸ್ಫಟಿಕ, ನವಿಲುಗರಿ. ವಿಜ್ಞಾನ ಬಂದದ್ದು 1934ರಲ್ಲಿ ಅಮೆರಿಕದ ಅಗ್ಗದ ಮಾಸಪತ್ರಿಕೆಯೊಂದರ ಮೂಲಕ. ಮರ್ರಿ ಲೀನ್‌ಸ್ಟರ್ ಎಂಬ ಕಾವ್ಯನಾಮದವನು ಬರೆದ ‘ಸೈಡ್‌ವೈಸ್ ಇನ್ ಟೈಮ್’ ಕಥೆಯಲ್ಲಿ ಕಾಲಕ್ಕೆ ಹಿಂದುಮುಂದುಗಳಲ್ಲದೆ ಎಡಬಲಗಳೂ ಇವೆ. ಕಾಲಕ್ಕೇ ಭೂಕಂಪವಾದಂತಾಗಿ, ಬೇರೆ ಬೇರೆ ಚರಿತ್ರೆಯ ತುಂಡುಗಳು ಈ ಭೂಮಿಗೆ ಬಂದು ಸೇರುತ್ತವೆ. ಅಮೆರಿಕದ ನೆಲದಲ್ಲಿ ರೋಮನ್ ದಂಡು ಸಾಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿದವನು ಸಣ್ಣ ಕಾಲೇಜೊಂದರ ಗಣಿತದ ಅಧ್ಯಾಪಕ. ಇಲ್ಲಿ ತನ್ನನ್ನು ಯಾರೂ ಗಣಿಸಲಿಲ್ಲ, ಬೇರೊಂದು ಲೋಕಕ್ಕೆ ಹೋದರೆ ಅರಸನಾಗಬಹುದು ಎಂದು ಅವನು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೊರಡುತ್ತಾನೆ. ಸಣ್ಣ ಕಾಲೇಜುಗಳಲ್ಲಿ ಆಯುಷ್ಯ ಕಳೆದ ನಮ್ಮಂಥವರಿಗೆ ಈತನ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ.

ಕಥೆಗಾರರು ಆಟವಾಗಿ ಆಡಿದ್ದನ್ನು 1957ರಲ್ಲಿ ಪ್ರಿನ್ಸ್‌ಟನ್ನಿನ ತರುಣ ಹ್ಯೂ ಎವರೆಟ್ ಡಾಕ್ಟರೇಟ್ ಪ್ರಬಂಧದ ಗಣಿತವಾಗಿಸಿದ. ಪರಮಾಣುವೊಂದು ಈ ಗಳಿಗೆಯಲ್ಲಿ ಒಡೆಯಬಹುದು, ಒಡೆಯದಿರಬಹುದು. ನೋಡಿದಾಗ ಎರಡರಲ್ಲಿ ಒಂದೇ ನಿಜವಾಗುತ್ತದೆ ಎಂಬುದು ಅಂದಿನ ಹಿರಿಯರ ವ್ಯಾಖ್ಯೆ. ಎರಡೂ ನಿಜವಾಗುತ್ತವೆ, ನೋಡುವವನೂ ಎರಡಾಗುತ್ತಾನೆ, ಒಬ್ಬನಿಗೆ ಇನ್ನೊಬ್ಬನ ಸುಳಿವೂ ಇರುವುದಿಲ್ಲ ಎಂಬುದು ಎವರೆಟ್ಟನ ಸಮೀಕರಣಗಳಿಂದ ಹೊರಡುವ ಅರ್ಥ. 1959ರಲ್ಲಿ ಕೋಪನ್‌ಹೇಗನ್ನಿಗೆ ಹೋಗಿ ನೀಲ್ಸ್ ಬೋರರನ್ನು ಕಂಡ, ಅವರು ಒಪ್ಪಲಿಲ್ಲ. ಅಷ್ಟುಹೊತ್ತಿಗೆ ವಿಶ್ವವಿದ್ಯಾಲಯವನ್ನು ಬಿಟ್ಟು ಯುದ್ಧಾಸ್ತ್ರಗಳ ಲೆಕ್ಕಾಚಾರದ ಕೆಲಸ ಹಿಡಿದಿದ್ದವನು ಮತ್ತೆ ಈ ಕಡೆ ಬರಲಿಲ್ಲ. ಎಲ್ಲ ದಾರಿಗಳಲ್ಲಿಯೂ ನಡೆಯುತ್ತೇವೆ ಎಂದು ಗಣಿತದಿಂದ ತೋರಿಸಹೊರಟವನು ತನ್ನ ದಾರಿಯೊಂದನ್ನು ಹಾಗೆ ಬಿಟ್ಟ. ಆ ವಾದಕ್ಕೆ ಇಂದು ಭೌತವಿಜ್ಞಾನಿಗಳಲ್ಲಿ ಗೌರವದ ಸ್ಥಾನವಿದೆ, ಎಲ್ಲರ ಒಪ್ಪಿಗೆಯಿಲ್ಲ. ಎಲ್ಲವೂ ನಡೆಯುತ್ತಿದೆಯೆಂದರೆ ನಮಗೆ ಸಮಾಧಾನವಾಗಬೇಕಷ್ಟೆ? ಲ್ಯಾರಿ ನಿವೆನ್ 1968ರಲ್ಲಿ ಬರೆದ ಕಥೆಯಲ್ಲಿ ಆಗುವುದು ಬೇರೆ. ಅನಂತ ಲೋಕಗಳಿರುವುದು ಖಚಿತವಾದ ಮೇಲೆ ಊರಿನಲ್ಲಿ ಕಾರಣವಿಲ್ಲದ ಆತ್ಮಹತ್ಯೆಗಳು ಹೆಚ್ಚುತ್ತವೆ. ಇಲ್ಲಿ ಒಳ್ಳೆಯದನ್ನು ಆರಿಸಿಕೊಂಡರೆ ಅಲ್ಲಿ ಕೆಟ್ಟದ್ದನ್ನು ಆರಿಸಿಕೊಂಡ ನಾನೊಬ್ಬ ಇದ್ದೇ ಇರುತ್ತೇನೆ, ಆರಿಸುವುದಾದರೂ ಏತಕ್ಕೆ ಎಂಬ ಭಾವ ಜನರನ್ನು ತಿಂದುಹಾಕುತ್ತದೆ.

ಈ ಪರಂಪರೆಯಲ್ಲಿ ಹೆಚ್ಚು ಹೆಸರಾದ ಕಾದಂಬರಿ 1962ರಲ್ಲಿ ಬಂದ, ಫಿಲಿಪ್ ಕೆ. ಡಿಕ್‌ನ ‘ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್’. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ, ಜಪಾನ್‌ಗಳು ಗೆದ್ದು ಅಮೆರಿಕವನ್ನು ಹಂಚಿಕೊಂಡಿವೆ. ಆ ಲೋಕದ ಜನ, ಮಿತ್ರರಾಷ್ಟ್ರಗಳು ಗೆದ್ದಿದ್ದರೆ ಎಂಬ ಒಂದು ನಿಷಿದ್ಧ ಕಾದಂಬರಿಯನ್ನು ಕದ್ದು ಓದುತ್ತಾರೆ. ಜೆಫ್ರಾಯ್‌ನ ಹಳೆಯ ತಮಾಷೆಯೇ ಇಲ್ಲಿ ಭಯವಾಗಿದೆ. ಆದರೆ ಡಿಕ್‌ನನ್ನು ಓದುವಾಗ ನನಗೆ ನೆನಪಾಗುವುದು ಒಂದು ಸಮಾಧಿ. ಅವನು ಹುಟ್ಟಿದ್ದು 1928ರ ಡಿಸೆಂಬರಿನಲ್ಲಿ, ಅವಳಿಯಾಗಿ, ಅವಧಿಗೆ ಮುಂಚೆ. ಜೊತೆಗೆ ಹುಟ್ಟಿದ ಜೇನ್ ಎಂಬ ಹೆಣ್ಣುಮಗು ಆರು ವಾರಗಳಲ್ಲಿ ತೀರಿಕೊಂಡಿತು. ಕೊಲೊರಾಡೋದ ಫೋರ್ಟ್ ಮಾರ್ಗನ್ನಿನಲ್ಲಿ ಮಗುವನ್ನು ಹೂಳಿದಾಗ ಕಲ್ಲಿನ ಮೇಲೆ ಬದುಕಿರುವ ಅಣ್ಣನ ಹೆಸರನ್ನೂ ಕೆತ್ತಿಸಿದರು. ಮರಣದ ದಿನಾಂಕಕ್ಕೆ ಜಾಗ ಬಿಟ್ಟರು. 53 ವರ್ಷ ಆ ಜಾಗ ಖಾಲಿಯಿತ್ತು. 1982ರಲ್ಲಿ ಅವನನ್ನು ಅಲ್ಲಿಯೇ, ತಂಗಿಯ ಪಕ್ಕದಲ್ಲಿ ಹೂಳಿದರು. ಲೋಕದ ಪಕ್ಕದಲ್ಲಿ ಇನ್ನೊಂದು ಲೋಕವಿದೆ ಎಂದು ಅವನಿಗೆ ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ನಮ್ಮ ನೆರೆಯ ಮರಾಠಿಗೆ ಬರುತ್ತೇನೆ. ಖಗೋಳವಿಜ್ಞಾನಿ ಜಯಂತ ನಾರ್ಳೀಕರರು 2025ರ ಮೇ ತಿಂಗಳಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರ ವಿಶ್ವಸೃಷ್ಟಿಸಿದ್ಧಾಂತವನ್ನು ನೆನೆದವು. ನಾನು ನೆನೆದದ್ದು ‘ಗಂಗಾಧರಪಂತರ ಪಾನಿಪತ’ ಎಂಬ ಸಣ್ಣ ಕಥೆಯನ್ನು. ಅದರ ಇಂಗ್ಲಿಷ್ ರೂಪ ಹನ್ನೊಂದನೆಯ ತರಗತಿಯ ಪಠ್ಯದಲ್ಲಿಯೂ ಸೇರಿತ್ತು. ಮರಾಠಿಯಲ್ಲಿ ‘ಪಾನಿಪತ’ವಾಯಿತು ಎಂದರೆ ಪೂರಾ ಸೋಲಾಯಿತು ಎಂದರ್ಥ, ಶೀರ್ಷಿಕೆಯಲ್ಲಿಯೇ ನಗೆಯಿದೆ. ಪುಣೆಯ ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತ ಗಾಯತೊಂಡೆ 999 ಸಭೆಗಳಿಗೆ ಅಧ್ಯಕ್ಷತೆ ವಹಿಸಿದವರು. ಪಾನಿಪತ ಯುದ್ಧದ ಪರಿಣಾಮ ಬೇರೆಯಾಗಿದ್ದರೆ ಎಂದು ಯೋಚಿಸುತ್ತ ಹೋಗುವಾಗ ಲಾರಿ ಬಡಿದು, ಮರಾಠರು ಗೆದ್ದ ಚರಿತ್ರೆಯೊಳಕ್ಕೆ ಹೋಗಿ ಬೀಳುತ್ತಾರೆ. ಮುಂಬಯಿಯಲ್ಲಿ ಇಂಗ್ಲಿಷರ ಧ್ವಜ ಹಾರುತ್ತಿದೆ, ಈಸ್ಟ್ ಇಂಡಿಯಾ ಕಂಪನಿ ಅಂಗಡಿ ನಡೆಸುತ್ತಿದೆ. ಪುಸ್ತಕ ಭಂಡಾರದಲ್ಲಿ ತಾವೇ ಬರೆದ ಇತಿಹಾಸದ ಸಂಪುಟಗಳನ್ನು ತಿರುವಿ, 1761ಕ್ಕೆ ಬಂದಾಗ ಎಲ್ಲಿ ಕವಲಾಯಿತೆಂದು ಪತ್ತೆಹಚ್ಚುತ್ತಾರೆ. ಪೇಶ್ವೆಯ ಮಗ ವಿಶ್ವಾಸರಾವನನ್ನು ಕೊಂದ ಗುಂಡು ಆ ಚರಿತ್ರೆಯಲ್ಲಿ ಕಿವಿಯನ್ನು ಸವರಿಕೊಂಡು ಹೋಗಿದೆ. ಒಂದು ಎಳ್ಳುಕಾಳಿನ ಅಂತರ! ನಮಗೂ ಇದು ದೂರದ ಮಾತಲ್ಲ. ಪಾನಿಪತದಲ್ಲಿ ಮರಾಠರ ಬೆನ್ನು ಮುರಿದ ಆ ವರ್ಷವೇ ಹೈದರ್ ಅಲಿ ಶ್ರೀರಂಗಪಟ್ಟಣದಲ್ಲಿ ಅಧಿಕಾರವನ್ನು ಕೈಗೆ ತೆಗೆದುಕೊಂಡದ್ದು. ಆ ಎಳ್ಳುಕಾಳು ಅತ್ತಿತ್ತಾಗಿದ್ದರೆ ಮೈಸೂರಿನ ಚರಿತ್ರೆಯೂ ಬೇರೆಯಾಗುತ್ತಿತ್ತೇನೋ.

ಪಂತರು ಆಜಾದ್ ಮೈದಾನಕ್ಕೆ ಹೋಗಿ ಅಧ್ಯಕ್ಷರಿಲ್ಲದ ಸಭೆಯ ಖಾಲಿ ಕುರ್ಚಿಯನ್ನು ಏರಿ ಭಾಷಣಕ್ಕೆ ತೊಡಗಿದಾಗ, ಅಧ್ಯಕ್ಷಭಾಷಣವನ್ನೇ ಬಹಿಷ್ಕರಿಸಿದ್ದ ಜನ ಟೊಮ್ಯಾಟೊ, ಮೊಟ್ಟೆ ತೂರುತ್ತಾರೆ. ಅಲ್ಲಿಂದ ಈ ಲೋಕಕ್ಕೆ ಮರಳುತ್ತಾರೆ, ಜೇಬಿನಲ್ಲಿ ಬಖರಿನ ಹರಿದ ಹಾಳೆಯೊಂದನ್ನು ಇಟ್ಟುಕೊಂಡು. ಗಣಿತಜ್ಞ ಮಿತ್ರನೊಬ್ಬ ಎಲೆಕ್ಟ್ರಾನಿನ ದೃಷ್ಟಾಂತ ಕೊಟ್ಟು ಅವರಿಗೆ ಎಲ್ಲವನ್ನೂ ವಿವರಿಸುತ್ತಾನೆ. ವಿಮರ್ಶಕರು ಈ ವಿವರಣೆಯನ್ನು ಮೆಚ್ಚುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತದ್ದು ಅದಕ್ಕೆ ಮೊದಲು ಬರುವ, ನಾಲ್ಕಾರು ಸಾಲಿನ ಒಂದು ಪ್ರಸಂಗ. ಮುಂಬಯಿಯಲ್ಲಿ ಇಳಿದ ಪಂತರು ನೇರವಾಗಿ ಫೋರ್ಬ್ಸ್ ಕಟ್ಟಡಕ್ಕೆ ಹೋಗಿ, ವಿನಯ ಗಾಯತೊಂಡೆ ಇದ್ದಾರೆಯೇ ಎಂದು ವಿಚಾರಿಸುತ್ತಾರೆ. ಅವರ ಮಗ. ಸ್ವಾಗತಕಾರಿಣಿ ಸೌಜನ್ಯದಿಂದಲೇ ಪಟ್ಟಿಯನ್ನು ನೋಡಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎನ್ನುತ್ತಾಳೆ. ಸಾಮ್ರಾಜ್ಯ ಉಳಿದಿದೆ, ಮಗ ಇಲ್ಲ. ನಾರ್ಳೀಕರರು ಇದರ ಮೇಲೆ ಒಂದು ನಿಟ್ಟುಸಿರನ್ನೂ ಖರ್ಚು ಮಾಡದೆ ಮುಂದೆ ಹೋಗುತ್ತಾರೆ.

ನಿವೃತ್ತಿಯಾದ ಮೇಲೆ ನಾನೂ ಬೆಳಗಿನ ಹೊತ್ತು ಈ ‘ಇದ್ದರೆ’ಯ ಲೆಕ್ಕ ಹಾಕುವುದುಂಟು. ಎಂ.ಎ. ಮುಗಿಸಿದ ವರ್ಷ ಬೇರೊಂದು ಊರಿನಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತ್ತು. ನಮ್ಮ ತಂದೆಯವರಿಗೆ ಅದೇ ಇಷ್ಟವಿತ್ತು. ಅವರ ಮಾತು ಮೀರಿ ಕಾಲೇಜಿನ ಅರೆಕಾಲಿಕ ಕೆಲಸಕ್ಕೆ ಹೋದೆ. ಹೋಗದಿದ್ದರೆ ಸಂಬಳ ಇಷ್ಟಿರುತ್ತಿತ್ತು, ಮನೆ ಇಂಥ ಕಡೆ ಇರುತ್ತಿತ್ತು, ತಂದೆಯವರ ಕೊನೆಯ ದಿನಗಳ ಔಷಧಿಗೆ ಸಾಲ ಮಾಡಬೇಕಾಗುತ್ತಿರಲಿಲ್ಲ ಎಂದೆಲ್ಲ ಎಣಿಸುತ್ತೇನೆ. ಅರೆಕಾಲಿಕನಾಗಿದ್ದ ಆ ಊರಿನಲ್ಲಿಯೇ ನನಗೆ ಮದುವೆಯಾದದ್ದು, ಮಗಳು ಹುಟ್ಟಿದ್ದು. ಆ ಲೆಕ್ಕದಲ್ಲಿ ಅವರಿಬ್ಬರನ್ನೂ ಎಲ್ಲಿ ಬರೆಯಬೇಕೆಂದು ತೋಚದೆ ಎದ್ದು ಕಾಫಿಗೆ ಹೋಗುತ್ತೇನೆ.

ನಾರ್ಳೀಕರರು ಹೋದ ವಾರ ಆ ಕಥೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಪೇಶ್ವೆ, ಪಾನಿಪತ, ಎಲೆಕ್ಟ್ರಾನು ಎಲ್ಲವನ್ನೂ ನನ್ನ ಹೆಂಡತಿ ಹುರುಳಿಕಾಯಿ ಬಿಡಿಸುತ್ತ ಸುಮ್ಮನೆ ಕೇಳಿದಳು. ಮುಗಿದ ಮೇಲೆ, “ಅಲ್ಲಾಂದ್ರೆ, ವಾಪಸ್ಸು ಬಂದ ಮೇಲೆ ಅವರು ಮಗನಿಗೆ ಒಂದು ಫೋನು ಮಾಡಿದರಂತಾ?” ಎಂದು ಕೇಳಿದಳು. ಕಥೆ ಆ ಕಡೆಗೆ ಹೋಗುವುದಿಲ್ಲ ಎಂದೆ.